ವರದಿಗಳ ರಾಶಿಯಲ್ಲಿ ಅಡ್ಡಪರಿಣಾಮದ ಸುಳಿವು: ರಿಫಾಬ್ಯುಟಿನ್ ಪ್ರಕರಣದ ಮರುಲೆಕ್ಕ

ಮಾರುಕಟ್ಟೆಗೆ ಬಂದ ಔಷಧದ ಅಪರೂಪದ ಅಡ್ಡಪರಿಣಾಮಗಳು ಎಷ್ಟೋ ಸಲ ವೈದ್ಯರು ತಾವಾಗಿ ಕಳಿಸುವ ವರದಿಗಳಿಂದಲೇ ಮೊದಲು ಬೆಳಕಿಗೆ ಬರುತ್ತವೆ. ಆ ಔಷಧವನ್ನು ಒಟ್ಟು ಎಷ್ಟು ಮಂದಿ ಸೇವಿಸಿದರು ಎಂಬುದು ಮಾತ್ರ ಈ ವರದಿಗಳಿಂದ ತಿಳಿಯುವುದಿಲ್ಲ. ಛೇದವೇ ಇಲ್ಲದೆ ಅಪಾಯದ ಪ್ರಮಾಣವನ್ನು ಲೆಕ್ಕಹಾಕಲಾಗದು. ಆದ್ದರಿಂದ ಸಂಖ್ಯಾಶಾಸ್ತ್ರಜ್ಞರು ವರದಿಗಳನ್ನು ವರದಿಗಳೊಂದಿಗೇ ಹೋಲಿಸುವ ದಾರಿ ಹಿಡಿದರು.

ಇವಾನ್ಸ್, ವಾಲರ್ ಮತ್ತು ಡೇವಿಸ್ 2001ರಲ್ಲಿ ಬ್ರಿಟನ್ನಿನ ದತ್ತಾಂಶದಿಂದ ಕೊಟ್ಟ ಉದಾಹರಣೆ ಇಂದಿಗೂ ಪಾಠಯೋಗ್ಯ. ರಿಫಾಬ್ಯುಟಿನ್ ಎಂಬ ಪ್ರತಿಜೀವಕದ ಕುರಿತು ಬಂದಿದ್ದ 55 ವರದಿಗಳಲ್ಲಿ 41 ಕಣ್ಣಿನ ಮಧ್ಯಪದರದ ಉರಿಯೂತ, ಅಂದರೆ ಯುವಿಯೈಟಿಸ್. ಉಳಿದೆಲ್ಲ ಔಷಧಗಳ 5,92,712 ವರದಿಗಳಲ್ಲಿ ಅದೇ ತೊಂದರೆ ಇದ್ದದ್ದು 754ರಲ್ಲಿ. ಮೊದಲನೆಯದು ಶೇ. 74.5, ಎರಡನೆಯದು ಶೇ. 0.13, ಇವುಗಳ ಅನುಪಾತ ಸುಮಾರು 586. ಅನುಪಾತ 2, ಆಕಸ್ಮಿಕತೆಯನ್ನು ಪರೀಕ್ಷಿಸುವ ಕೈ-ವರ್ಗ 4, ವರದಿಗಳು 3: ಮೂರೂ ಇಷ್ಟಾದರೂ ಇದ್ದರೆ ಅದನ್ನು ಪರಿಶೀಲಿಸಬೇಕಾದ ಸುಳಿವೆಂದು ಅವರು ಪರಿಗಣಿಸಿದರು.

ಈ 586 ಅನ್ನು ರೋಗಿಗೆ ಒದಗುವ ಅಪಾಯವೆಂದು ಓದುವುದು ದೊಡ್ಡ ತಪ್ಪು. ಅದು ವರದಿಗಳ ಹಂಚಿಕೆಯನ್ನಷ್ಟೇ ಹೇಳುತ್ತದೆ. ಪತ್ರಿಕೆಯಲ್ಲಿ ಸುದ್ದಿಯಾದ ಅಡ್ಡಪರಿಣಾಮದ ಬಗ್ಗೆಯೇ ವರದಿಗಳು ಮುಗಿಬಿದ್ದರೂ ಅನುಪಾತ ಏರುತ್ತದೆ.

ಸಣ್ಣ ಸಂಖ್ಯೆಗಳ ತೊಡಕು ಬೇರೆಯದು. ಔಷಧಕ್ಕೂ ತೊಂದರೆಗೂ ನಂಟಿಲ್ಲವೆಂದುಕೊಂಡರೆ 0.01 ವರದಿ ನಿರೀಕ್ಷಿತವಿದ್ದಲ್ಲಿ, ಒಂದೇ ಒಂದು ಬಂದರೂ ಬಂದದ್ದಕ್ಕೂ ನಿರೀಕ್ಷಿತಕ್ಕೂ ಇರುವ ಅನುಪಾತ 100ಕ್ಕೆ ಜಿಗಿಯುತ್ತದೆ. ಬೇಟ್ ಮತ್ತು ಸಂಗಡಿಗರು 1998ರಲ್ಲಿ ಉಪ್ಸಲಾದ ವಿಶ್ವ ಆರೋಗ್ಯ ಸಂಸ್ಥೆ ದತ್ತಸಂಚಯಕ್ಕಾಗಿ ರೂಪಿಸಿದ ಬೇಸಿಯನ್ ವಿಧಾನ ಇದಕ್ಕೆ ಕಡಿವಾಣ ಹಾಕುತ್ತದೆ. ಈಗಿನ ಸರಳ ರೂಪದಲ್ಲಿ ಬಂದ ಸಂಖ್ಯೆಗೂ ನಿರೀಕ್ಷಿತ ಸಂಖ್ಯೆಗೂ 0.5 ಕೂಡಿಸಿ ಭಾಗಿಸಿದರೆ ಆ 100 ಸುಮಾರು 3ಕ್ಕೆ ಕುಗ್ಗುತ್ತದೆ. ರಿಫಾಬ್ಯುಟಿನ್‌ಗೆ ನಿರೀಕ್ಷಿತ ಸಂಖ್ಯೆ 0.074, ಅದೇ ಲೆಕ್ಕದಲ್ಲಿ ಅದರ ಮೌಲ್ಯ 72ರಷ್ಟು ಉಳಿಯುತ್ತದೆ. ಇದರ ಎರಡರ ಆಧಾರದ ಲಾಗರಿದಮ್ 6.2. ಅದರ ಶೇ. 95 ವ್ಯಾಪ್ತಿಯ ಕೆಳಮಿತಿ ಶೂನ್ಯಕ್ಕಿಂತ ಬಹಳ ಮೇಲಿದೆ. ಒಂಟಿ ವರದಿಯದು ಶೂನ್ಯದ ಕೆಳಗೆ ಬೀಳುತ್ತದೆ. ನನ್ನ ದೃಷ್ಟಿಯಲ್ಲಿ ಈ ಸಂಯಮವೇ ಬೇಸಿಯನ್ ವಿಧಾನದ ನಿಜವಾದ ಬಲ.

ಆದರೂ ಉರಿಯೂತ ಏಕೆ ಬಂತೆಂದು ಈ ಅಂಕಿಗಳು ತಿಳಿಸವು. ರಿಫಾಬ್ಯುಟಿನ್ ಪಡೆಯುತ್ತಿದ್ದ ಎಚ್‌ಐವಿ ಸೋಂಕಿತರಲ್ಲಿ ಹಲವರಿಗೆ ಕ್ಲಾರಿಥ್ರೊಮೈಸಿನ್ ಅಥವಾ ಫ್ಲುಕೊನಜೋಲ್ ಕೂಡ ನಡೆಯುತ್ತಿತ್ತು. ಇವು ಯಕೃತ್ತಿನ ಕಿಣ್ವವನ್ನು ತಡೆದು ರಕ್ತದಲ್ಲಿ ರಿಫಾಬ್ಯುಟಿನ್ ಮಟ್ಟವನ್ನು ಏರಿಸುತ್ತವೆ. ಮಟ್ಟ ಏರಿದಂತೆ ಕಣ್ಣಿಗೆ ತೊಂದರೆಯ ಸಂಭವವೂ ಹೆಚ್ಚು. ಒಂದು ಔಷಧ, ಒಂದು ತೊಂದರೆ ಎಂಬ ಎರಡು ಸಾಲು ಎರಡು ಕಂಬದ ಕೋಷ್ಟಕದಲ್ಲಿ ಇದಕ್ಕೆ ಜಾಗವಿಲ್ಲ. ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ಸಮನ್ವಯಿಸುವ ನಮ್ಮ ರಾಷ್ಟ್ರೀಯ ಔಷಧ ಸುರಕ್ಷತಾ ಕಾರ್ಯಕ್ರಮದ ವರದಿ ನಮೂನೆಯಲ್ಲಿ ಜೊತೆಗೆ ಸೇವಿಸಿದ ಔಷಧಗಳಿಗೆ, ರೋಗಿ ತಾನೇ ಕೊಂಡ ಮಾತ್ರೆ ಮತ್ತು ಗಿಡಮೂಲಿಕೆಗಳಿಗೂ ಪ್ರತ್ಯೇಕ ಅಂಕಣವಿದೆ. ಅದನ್ನು ಖಾಲಿ ಬಿಟ್ಟರೆ ಮುಂದೆ ಯಾವ ಸೂತ್ರವೂ ಆ ಮಾಹಿತಿಯನ್ನು ತುಂಬಿಕೊಡಲಾರದು.