ಮಂಗಳೂರಿನಲ್ಲಿ ಯಹೂದಿ ವರ್ತಕನ ಜಾಡು

ಯುರೋಪ್ ಪ್ರವಾಸಕ್ಕೆ ಹೋದವರು ಪ್ರಾಗ್ ನಗರದ ಪ್ರಾಚೀನ ಯಹೂದಿ ಕೇರಿಯನ್ನು ನೋಡಿ ಬರುವುದುಂಟು. ಅಲ್ಲಿನ ಹಳೆಯ ಪ್ರಾರ್ಥನಾ ಮಂದಿರ ಕ್ರಿ.ಶ. 1270ರ ಸುಮಾರಿನದು. ಅದಕ್ಕೂ ಶತಮಾನದ ಹಿಂದೆ, ಸವದತ್ತಿ ಸೀಮೆಯಲ್ಲಿ ರಟ್ಟರ ಆಳ್ವಿಕೆಯಿದ್ದಾಗ, ಮಂಗಳೂರಿನಲ್ಲಿ ಯಹೂದಿ ವರ್ತಕನೊಬ್ಬ ನೆಲೆಸಿದ್ದನೆಂಬುದು ಅನೇಕರಿಗೆ ತಿಳಿಯದು.

ಆತನೇ ಅಬ್ರಹಾಂ ಬೆನ್ ಯಿಜು. ಇಂದಿನ ಟುನೀಷಿಯಾದ ಮಹದಿಯಾ ಪಟ್ಟಣದವನು. 1132ರ ಅಕ್ಟೋಬರಿನಲ್ಲಿ ಆತ ಮಂಗಳೂರಿನಲ್ಲಿ ಆಶು ಎಂಬ ದಾಸಿಗೆ ಬಿಡುಗಡೆಯ ಪತ್ರ ಬರೆದುಕೊಟ್ಟನು. ಆಕೆಯೇ ಅವನ ಮಕ್ಕಳ ತಾಯಿಯೆಂದು ವಿದ್ವಾಂಸರು ಭಾವಿಸುತ್ತಾರೆ. ಏಡನ್‌ನಿಂದ ಹಳೆಯ ತಾಮ್ರ ತರಿಸಿ ಪಾತ್ರೆ ಮಾಡಿಸುತ್ತಿದ್ದನು. ಮೆಣಸು, ಅಡಿಕೆ, ಕಬ್ಬಿಣ ಕಳುಹಿಸುತ್ತಿದ್ದನು. ಬರೆಯುವ ಕಾಗದವೂ ಅಲ್ಲಿಂದಲೇ ಬರಬೇಕಿತ್ತು. ಅವನ ದಾಸ ಬೊಮ್ಮ (ಹೆಸರು ನಮ್ಮ ಕಡೆಯದೇ!) ವ್ಯಾಪಾರಕ್ಕೆಂದು ಏಡನ್‌ವರೆಗೆ ಹಡಗಿನಲ್ಲಿ ಹೋಗಿದ್ದನು. ಅಲ್ಲಿನ ವರ್ತಕ ಯಜಮಾನನಿಗೆ ಬರೆದ ಪತ್ರದಲ್ಲಿ ಬೊಮ್ಮನಿಗೂ ವಂದನೆ ತಿಳಿಸಿದ್ದಾನೆ.

1149ರಲ್ಲಿ ಬೆನ್ ಯಿಜು ಮಕ್ಕಳೊಡನೆ ಏಡನ್‌ಗೆ ಮರಳಿದನು. ಅಲ್ಲಿಂದ ಸಹೋದರರಿಗೆ ಬರೆದ ಪತ್ರದಲ್ಲಿ ಆಶುವಿನ ಹೆಸರಿಲ್ಲ.

ದೇವರ ನಾಮವಿರುವ ಬರಹವನ್ನು ನಾಶಪಡಿಸಬಾರದೆಂಬ ನಂಬಿಕೆಯಿಂದ ಕೈರೋದ ಮಂದಿರವೊಂದರ ಕೋಣೆಯಲ್ಲಿ ಕೂಡಿಟ್ಟಿದ್ದ ಕಾಗದಗಳಲ್ಲಿ ಈ ಪತ್ರಗಳು ಉಳಿದವು. ಬಹುಪಾಲು ಈಗ ಕೇಂಬ್ರಿಡ್ಜ್‌ನಲ್ಲಿವೆ. ಅಮಿತಾವ್ ಘೋಷ್ 1992ರ ಕೃತಿಯಲ್ಲಿ ಬೊಮ್ಮನ ಕಥೆಯನ್ನು ಬೆನ್ನಟ್ಟಿದ್ದಾರೆ.

ಮಂಗಳೂರಿನ ಬಂದರಿನಲ್ಲಿ ಈ ವರ್ತಕನ ಮನೆಯ ಗುರುತು ಸಿಗದು. ಯಹೂದಿ ಬೀದಿಯನ್ನೇ ಕಾಣಬೇಕೆನ್ನುವವರು ದಕ್ಷಿಣಕ್ಕೆ ಕೊಚ್ಚಿಯ ಮಟ್ಟಾಂಚೇರಿಗೆ ಹೋಗಬೇಕು. ಅಲ್ಲಿನ ಪರದೇಶಿ ಮಂದಿರ 1568ರದು. ಶನಿವಾರ ಪ್ರವೇಶವಿಲ್ಲ.