ಉದ್ಯೋಗ ಸ್ಥಳದಲ್ಲಿ ಲಿಂಗ ಪರಿವರ್ತನೆ: ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡಿನ ಅರ್ಜಿದಾರರಿಗೆ ಮಾಹಿತಿ

ಉದ್ಯೋಗದಲ್ಲಿದ್ದುಕೊಂಡೇ ಲಿಂಗ ಪರಿವರ್ತನೆ ಹೊಂದುವವರಿಗೆ ಮೊದಲ ತೊಡಕು ಬಹುತೇಕ ಹಾಜರಿ ಪುಸ್ತಕದಲ್ಲಿರುವ ಹಳೆಯ ಹೆಸರಿನಿಂದಲೇ ಆರಂಭವಾಗುತ್ತದೆ. ಶೌಚಾಲಯ ಬಳಕೆಗೆ ತಡೆ, ಅಪಹಾಸ್ಯ, ರಾಜೀನಾಮೆಗೆ ಒತ್ತಡ ಇವು ನಂತರದವು. ಜಿಲ್ಲೆಯ ಕಲ್ಲುಕಂಬದಲ್ಲಿ ಜನಿಸಿ 2021ರ ಪದ್ಮಶ್ರೀ ಪುರಸ್ಕೃತರಾದ ಮಂಜಮ್ಮ ಜೋಗತಿಯವರು ಮನೆ ತೊರೆದ ನಂತರ ಭಿಕ್ಷೆ ಬೇಡಿ ಬದುಕಬೇಕಾಯಿತು. ಆಗ ರಕ್ಷಣೆಗೆ ಕಾನೂನಿರಲಿಲ್ಲ.

ಲಿಂಗತ್ವ ಅಲ್ಪಸಂಖ್ಯಾತ ವ್ಯಕ್ತಿಗಳ (ಹಕ್ಕುಗಳ ಸಂರಕ್ಷಣೆ) ಅಧಿನಿಯಮ, 2019 ದಿನಾಂಕ 10-01-2020ರಿಂದ ಜಾರಿಗೆ ಬಂದಿತು. ಇದರ 9ನೇ ಪ್ರಕರಣದನ್ವಯ ನೇಮಕಾತಿ, ಬಡ್ತಿ ಮೊದಲಾದ ಉದ್ಯೋಗ ವಿಷಯಗಳಲ್ಲಿ ತಾರತಮ್ಯ ಮಾಡುವಂತಿಲ್ಲ. ಸರ್ಕಾರಿ ಕಚೇರಿಗಳಿಗೆ ಮಾತ್ರವಲ್ಲದೆ ಬಳ್ಳಾರಿಯ ಜೀನ್ಸ್ ಕಂಪನಿಗಳಿಗೂ ಸಿರುಗುಪ್ಪದ ಅಕ್ಕಿ ಗಿರಣಿಗಳಿಗೂ ಇದು ಅನ್ವಯ.

11ನೇ ಪ್ರಕರಣದಂತೆ ಪ್ರತಿ ಸಂಸ್ಥೆಯೂ ದೂರು ಅಧಿಕಾರಿಯನ್ನು ನೇಮಿಸತಕ್ಕದ್ದು. 2020ರ ನಿಯಮಗಳ ಪ್ರಕಾರ ಅವರು ದೂರು ಸ್ವೀಕರಿಸಿದ 15 ದಿನಗಳೊಳಗೆ ವಿಚಾರಣೆ ನಡೆಸಬೇಕು; ವರದಿ ಸಲ್ಲಿಕೆಯಾದ 15 ದಿನಗಳೊಳಗೆ ಸಂಸ್ಥೆಯ ಮುಖ್ಯಸ್ಥರು ಕ್ರಮ ಕೈಗೊಳ್ಳಬೇಕು. ಬಾಯಿಮಾತಿನ ದೂರಿಗೆ ದಿನಾಂಕದ ಪುರಾವೆ ಉಳಿಯುವುದಿಲ್ಲವಾದ್ದರಿಂದ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯುವುದು ಸೂಕ್ತ. ನೌಕರರ ಲಿಂಗ ಗುರುತನ್ನು ಗೌಪ್ಯವಾಗಿಡುವುದೂ ಸಂಸ್ಥೆಯ ಸಮಾನ ಅವಕಾಶ ನೀತಿಯ ಭಾಗವಾಗಿರತಕ್ಕದ್ದು.

ಸೇವಾ ದಾಖಲೆಯಲ್ಲಿ ಹೆಸರು ಮತ್ತು ಲಿಂಗ ತಿದ್ದುಪಡಿಗೆ ಗುರುತಿನ ಪ್ರಮಾಣಪತ್ರವೇ ಆಧಾರ. ಮೂರೂ ಸ್ಥಳಗಳ ನಿವಾಸಿಗಳು ಬಳ್ಳಾರಿ ಜಿಲ್ಲಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬೇಕು. ಇದಕ್ಕೆ ಮಾಲೀಕರ ಒಪ್ಪಿಗೆ ಪತ್ರದ ಅಗತ್ಯವಿರುವುದಿಲ್ಲ.