ಹಗೇವಿನೊಳಗಿನ ಉಸಿರು

ಹಗೇವು ತೆಗೆಯುವ ದಿನ ಅಜ್ಜ ಮೊದಲು ಕಂದೀಲು ಇಳಿಸುತ್ತಿದ್ದ. ಬಾಯಿಗೆ ಮುಚ್ಚಿದ ಶಹಾಬಾದ್ ಪರ್ಸಿ ಸರಿಸಿ, ಹಗ್ಗಕ್ಕೆ ಕಟ್ಟಿದ ದೀಪ ಮೆಲ್ಲಗೆ ಬಿಡುವುದು. ಅರ್ಧಕ್ಕೇ ಆರಿತೋ, ಅವತ್ತು ಯಾರೂ ಇಳಿಯುವಂತಿಲ್ಲ. ಸೇಡಂ, ಚಿತ್ತಾಪುರದ ಎರೆ ಸೀಮೆಯಲ್ಲಿ ಅವಸರಕ್ಕೆ ಇಳಿದು ಮೇಲೆ ಬಾರದವರ ಕಥೆ ಕೇಳಿಯೇ ನಾವು ಬೆಳೆದೆವು.

ಹಗೇವೆಂದರೆ ಊರಿನ ದಿಬ್ಬದಲ್ಲಿ ತೋಡಿದ ಕುಣಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಸುತ್ತ ಕಣಿಕಿ, ಹೊಟ್ಟು ಹಾಸಿ ಜೋಳ ಸುರಿದು, ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗೆ ಜೋಳ ಉಸಿರಾಡುತ್ತದೆ. ಇದ್ದ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ನುಸಿ ಸಾಯುತ್ತದೆ, ಕಾಳು ಉಳಿಯುತ್ತದೆ.

ಮುಂದೆ ಮಾಸ್ತರನಾಗಿ ಶಿಶಿರನಿದ್ರೆಯ ಪಾಠ ಮಾಡುವಾಗೆಲ್ಲ ನನಗೆ ಈ ಕುಣಿಯೇ ನೆನಪಾಗುತ್ತಿತ್ತು. ಅಲಾಸ್ಕದ ನೆಲ ಅಳಿಲಿನ ಮೈ ಬಿಲದೊಳಗೆ ಸೊನ್ನೆಗಿಂತ ಕೆಳಗೆ, ಮೈನಸ್ 2.9 ಡಿಗ್ರಿಯವರೆಗೆ ತಣ್ಣಗಾಗುತ್ತದೆಂದು 1989ರಲ್ಲಿ ತಿಳಿಯಿತು. ಅದರ ಜೀವಕೋಶಗಳು ಸಕ್ಕರೆ ಉರಿಸುವ ದಾರಿಯನ್ನು ಬಿಗಿಮಾಡಿ ಕೊಬ್ಬಿಗೆ ಹೊರಳುತ್ತವೆ. ಮೈಟೊಕಾಂಡ್ರಿಯಾಗಳ ಒಲೆ ಸಣ್ಣದಾಗುತ್ತದೆ. ಮಿದುಳಿನ ನರಕೋಶಗಳ ಬೆಸುಗೆಗಳೂ ಎಷ್ಟೋ ಕಳಚಿ, ಎದ್ದಾಗ ಮತ್ತೆ ಕೂಡುತ್ತವೆ. ಈ ಮಾತು ಹೇಳುವಾಗ ಪ್ರತಿ ಸಲ ನನ್ನ ಮೈ ಜುಮ್ಮೆನ್ನುತ್ತಿತ್ತು.

ಕುಣಿಗೂ ಅಳಿಲಿಗೂ ಇರುವ ಹೋಲಿಕೆ ಒಂದು ಕಡೆ ಮುರಿಯುತ್ತದೆ. ಅದನ್ನು ಅಜ್ಜಿ ನನಗಿಂತ ಮೊದಲೇ ಬಲ್ಲಳು. ಬಿತ್ತುವ ಜೋಳ ಆಕೆ ಹಗೇವಿಗೆ ಹಾಕಗೊಡುತ್ತಿರಲಿಲ್ಲ. ಬೂದಿ ಬೆರೆಸಿ ಗಡಿಗೆಯಲ್ಲಿ ಕಟ್ಟಿಡುತ್ತಿದ್ದಳು. “ಹಗೇವಿನ ಜೋಳ ರೊಟ್ಟಿಗಾತು, ಹೊಲಕ್ಕ ಅಲ್ಲ” ಎನ್ನುತ್ತಿದ್ದಳು. ಉಸಿರು ಕಟ್ಟಿ ಬಹಳ ದಿನ ಕೂತ ಕಾಳಿಗೆ ಮೊಳೆಯುವ ಕಸುವು ಕುಂದುತ್ತದೆ. ಅಳಿಲಿಗೆ ಮಾತ್ರ ವಸಂತದಲ್ಲಿ ಬದುಕಿಯೇ ಏಳಬೇಕು. ಅದಕ್ಕೇ ಅದು ಎರಡು ಮೂರು ವಾರಕ್ಕೊಮ್ಮೆ ಕಂದು ಕೊಬ್ಬು ಉರಿಸಿ, ಮೈ ಕಾಯಿಸಿಕೊಂಡು, ಒಂದು ದಿನದೊಳಗೆ ಮತ್ತೆ ತಣ್ಣಗಾಗುತ್ತದೆ. ಕೂಡಿಟ್ಟ ಕೊಬ್ಬಿನ ಬಹುಪಾಲು ಈ ಎಚ್ಚರಗಳಿಗೇ ಖರ್ಚು.

1972ರ ಬರದಲ್ಲಿ ನಮ್ಮ ಕೊನೆಯ ಹಗೇವು ತೆಗೆದರು. ಗೋಡೆಗೆ ಹತ್ತಿದ ಕಾಳು ಕಪ್ಪಾಗಿತ್ತು, ಅದು ಎತ್ತಿಗೆ. ನಡುವಿನ ಜೋಳ ಹಳದಿ ತಿರುಗಿ ಘಾಟು ಹೊಡೆಯುತ್ತಿತ್ತು. ಆ ರೊಟ್ಟಿಯ ವಾಸನೆ ಈಗಲೂ ಮೂಗಿನಲ್ಲಿದೆ. ಆಮೇಲೆ ಹೊಲದಲ್ಲಿ ಜೋಳ ಕಮ್ಮಿಯಾಗಿ ತೊಗರಿ ಹೆಚ್ಚಿತು. ಚೀಲ ಬಂತು, ರೇಷನ್ ಅಕ್ಕಿ ಬಂತು. ದಿಬ್ಬದ ಕುಣಿಗೆ ಮಣ್ಣು ತುಂಬಿದರು. ಅದರ ಬಾಯಿಗಿದ್ದ ಪರ್ಸಿಯ ಮೇಲೆ ನಮ್ಮ ಮನೆಯಲ್ಲಿ ಇವತ್ತೂ ಬಟ್ಟೆ ಒಗೆಯುತ್ತಾರೆ.